ಮಾರ್ಗರೆಟ್ ಟೇಟ್ ಚಿತ್ರಗಳನ್ನು ಎಲ್ಲಿಂದ ಶುರು ಮಾಡಬೇಕು, ಹೇಗೆ ನೋಡಬೇಕು

ಸ್ಕಾಟ್ಲೆಂಡಿನ ಸಿನಿಮಾ ನಿರ್ದೇಶಕಿ, ಕವಿ ಮಾರ್ಗರೆಟ್ ಟೇಟ್ ಅವರ ಚಿತ್ರ ನೋಡಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟು: ದೊಡ್ಡ ಚಿತ್ರದಿಂದ ಶುರು ಮಾಡಬೇಡಿ. ಅವರು ತೆಗೆದ ಪೂರ್ಣ ಉದ್ದದ ಚಿತ್ರ ಒಂದೇ, 1992ರ ‘ಬ್ಲೂ ಬ್ಲ್ಯಾಕ್ ಪರ್ಮನೆಂಟ್’. ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದೂ ಅದೇ. ಅದನ್ನೇ ಮೊದಲು ನೋಡಿದ ಹಲವರು ‘ಕಥೆ ತುಂಬಾ ನಿಧಾನ’ ಅಂದು ಕೈಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಟೇಟ್ ಅವರ 30ಕ್ಕೂ ಹೆಚ್ಚು ಕಿರುಚಿತ್ರಗಳ ಕಡೆ ಹಾಗೆ ಕೈಬಿಟ್ಟವರು ತಿರುಗಿಯೂ ನೋಡುವುದಿಲ್ಲ. ನಷ್ಟ ಆಗುವುದು ಅಲ್ಲೇ. ಟೇಟ್ ಅವರ ನಿಜವಾದ ಕೆಲಸ ಇರುವುದು ಆ ಕಿರುಚಿತ್ರಗಳಲ್ಲಿ. ನಾಲ್ಕೂವರೆ ನಿಮಿಷದ ಒಂದು ಚಿತ್ರದಿಂದ ಶುರು ಮಾಡೋಣ.

ಅದಕ್ಕೆ ಮೊದಲು ಅವರ ಬಗ್ಗೆ ನಾಲ್ಕು ಮಾತು. ಸ್ಕಾಟ್ಲೆಂಡಿನ ಉತ್ತರ ತುದಿಯ ಆಚೆ ಓರ್ಕ್ನಿ ಅಂತ ದ್ವೀಪಗಳ ಗುಂಪಿದೆ. ಅದರ ಮುಖ್ಯ ಊರು ಕರ್ಕ್‌ವಾಲ್. ಟೇಟ್ ಹುಟ್ಟಿದ್ದು ಅಲ್ಲೇ, 1918ರ ನವೆಂಬರ್ 11ರಂದು. ಎಡಿನ್‌ಬರೋದಲ್ಲಿ ಓದಿ 1941ರಲ್ಲಿ ಡಾಕ್ಟರ್ ಆದರು. ಯುದ್ಧದ ಕಾಲದಲ್ಲಿ, 1943ರಿಂದ 46ರವರೆಗೆ, ಬ್ರಿಟಿಷ್ ಸೇನೆಯ ವೈದ್ಯಕೀಯ ದಳದಲ್ಲಿ ಇದ್ದರು. ಆಗ ಇಂಡಿಯಾ, ಸಿಲೋನ್, ಮಲಯಾ ಎಲ್ಲ ಕಡೆ ಕೆಲಸ ಮಾಡಿದ್ದರು. ಆಮೇಲೆ 1950ರಲ್ಲಿ ರೋಮ್‌ಗೆ ಹೋಗಿ ಎರಡು ವರ್ಷ ಅಲ್ಲಿನ ಹೆಸರಾಂತ ಸಿನಿಮಾ ಶಾಲೆಯಲ್ಲಿ ಕಲಿತರು. ವಾಪಸ್ ಬಂದು ಎಡಿನ್‌ಬರೋದ ರೋಸ್ ಸ್ಟ್ರೀಟ್‌ನಲ್ಲಿ ‘ಆಂಕೋನ ಫಿಲ್ಮ್ಸ್’ ಅಂತ ಬೋರ್ಡು ಹಾಕಿದರು. ರೋಮ್‌ನಲ್ಲಿ ಅವರು ಇದ್ದ ಬೀದಿಯ ಹೆಸರು ಅದು. ರಜೆ ಹಾಕಿದ ಡಾಕ್ಟರುಗಳ ಜಾಗದಲ್ಲಿ ಬದಲಿ ಕೆಲಸ ಮಾಡಿ ಸಂಪಾದಿಸಿದ ಹಣವನ್ನು ಫಿಲ್ಮಿಗೆ ಸುರಿದರು. ಚಿತ್ರಗಳಲ್ಲಿ ಹೆಚ್ಚಿನವು ಅವರ ಸ್ವಂತ ಖರ್ಚಿನವು. ಕ್ಯಾಮೆರಾ, ಎಡಿಟಿಂಗ್, ಧ್ವನಿ, ಎಷ್ಟೋ ಸಲ ಎಲ್ಲ ಅವರೊಬ್ಬರೇ.

ನಾನೂ ಡಾಕ್ಟರ್. ಮಲೆನಾಡಿನ ಸಾಗರದ ಕಡೆಯವಳು, ಈಗ ಅಬರ್ಡೀನಿನಲ್ಲಿದ್ದೇನೆ. ರೋಗಿಯ ಕೈ, ಉಗುರು, ನಡಿಗೆ, ಉಸಿರು ಇವನ್ನು ಮಾತಿಗಿಂತ ಮೊದಲು ನೋಡಬೇಕು ಅಂತ ನಮಗೆ ಕಲಿಸುತ್ತಾರೆ. ಟೇಟ್ ಅವರ ಕ್ಯಾಮೆರಾ ಹಾಗೇ ನೋಡುತ್ತದೆ ಅಂತ ನನಗೆ ಮೊದಲ ಚಿತ್ರದಲ್ಲೇ ಅನ್ನಿಸಿತು. ಇಲ್ಲಿನ ಚಳಿಗಾಲದಲ್ಲಿ, ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ದಿನಗಳಲ್ಲಿ, ನಮ್ಮ ಮನೆಯ ಹಾಲ್‌ನಲ್ಲಿ ಕೆಲವು ಕನ್ನಡದ ಮನೆಯವರು, ಆಸ್ಪತ್ರೆಯ ಗೆಳೆಯರು ಸೇರಿ ಇವನ್ನು ನೋಡುತ್ತೇವೆ. ಕೆಳಗೆ ಬರೆದಿರುವ ಕ್ರಮ ಹಾಗೆ ನೋಡುತ್ತಾ ನೋಡುತ್ತಾ ಕೂಡಿಬಂದದ್ದು.

ತಯಾರಿ

ಕತ್ತಲು ಬೇಕು. ಫೋನಿನ ಪರದೆಯಲ್ಲಿ ನೋಡಲೇಬೇಡಿ ಅಂತ ಹೇಳುವುದಿಲ್ಲ, ಬೇರೆ ದಾರಿ ಇಲ್ಲದಿದ್ದರೆ ಅದೂ ಸರಿ. ಆದರೆ ಒಳ್ಳೆಯ ಹೆಡ್‌ಫೋನ್ ಇಲ್ಲದೆ ನೋಡಬೇಡಿ. ಟೇಟ್ ಚಿತ್ರಗಳಲ್ಲಿ ಧ್ವನಿ ಅರ್ಧ ಕೆಲಸ ಮಾಡುತ್ತದೆ. ಅವರು ಬಳಸುತ್ತಿದ್ದದ್ದು ಬೋಲೆಕ್ಸ್ ಅನ್ನುವ 16 ಎಂಎಂ ಕ್ಯಾಮೆರಾ. ಗಡಿಯಾರಕ್ಕೆ ಕೀ ಕೊಟ್ಟ ಹಾಗೆ ಅದಕ್ಕೂ ಕೀ ಕೊಡಬೇಕು. ಒಂದು ಸಲ ಪೂರ್ತಿ ತಿರುಗಿಸಿದರೆ ಸುಮಾರು 28 ಸೆಕೆಂಡು ಓಡುತ್ತದೆ, ನಿಲ್ಲುತ್ತದೆ. ಅದರಲ್ಲಿ ಧ್ವನಿ ಹಿಡಿಯಲು ಆಗುವುದಿಲ್ಲ. ಧ್ವನಿಯನ್ನು ಬೇರೆ ಹಿಡಿದು, ಆಮೇಲೆ ಚಿತ್ರದ ಪಕ್ಕ ಕೂರಿಸಬೇಕು. ಹಾಗಾಗಿ ನೀವು ಕೇಳುವ ಪ್ರತಿ ಸದ್ದೂ ಅಲ್ಲಿ ಇರುವುದು ಟೇಟ್ ಅವರು ಬೇಕು ಅಂತ ಇಟ್ಟದ್ದರಿಂದ. ಹಕ್ಕಿಯ ಕೂಗೊಂದು ಕೇಳಿಸಿದರೆ ಅದು ಅಲ್ಲಿಗೇ ಯಾಕೆ ಬಂತು ಅಂತ ಕೇಳಿಕೊಳ್ಳಿ.

ಪ್ರತಿ ಕಿರುಚಿತ್ರವನ್ನು ಮೂರು ಸಲ ನೋಡಿ. ಮೊದಲ ಸಲ ಸುಮ್ನೆ ನೋಡಿ, ಏನೂ ಬರೆದುಕೊಳ್ಳಬೇಡಿ. ಎರಡನೇ ಸಲ ಕಣ್ಣು ಮುಚ್ಚಿ ಬರೀ ಧ್ವನಿ ಕೇಳಿ. ಮೂರನೇ ಸಲ ಧ್ವನಿ ನಿಲ್ಲಿಸಿ ಬರೀ ಚಿತ್ರ ನೋಡಿ. ನಾಲ್ಕೈದು ನಿಮಿಷದ ಚಿತ್ರಕ್ಕೆ ಇದೇನೂ ದೊಡ್ಡ ಕಷ್ಟವಲ್ಲ. ಒಂದು ಭಾವಗೀತೆ ಒಂದೇ ಸಲ ಓದಿ ಪುಸ್ತಕ ಮುಚ್ಚುತ್ತೀವಾ? ಇಲ್ಲ ಅಲ್ವಾ? ಇವೂ ಹಾಗೇ. ತಮಗೆ ಬೇಕಾದದ್ದು ಕವಿತೆಯ ಮಟ್ಟದ ಸಿನಿಮಾ ಅಂತ ಅವರೇ ಹೇಳಿಕೊಂಡಿದ್ದರು. ಆ ಮಾತನ್ನು ನಾವು ಅಕ್ಷರಶಃ ತೆಗೆದುಕೊಳ್ಳಬೇಕು. ಒಂದು ಸಂಜೆಗೆ ಎರಡೋ ಮೂರೋ ಸಾಕು. ಸಾಲಾಗಿ ಹತ್ತು ನೋಡಿದರೆ ಎಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ.

ಮೊದಲು ಅಮ್ಮನ ಚಿತ್ರ

‘ಎ ಪೋರ್ಟ್ರೇಟ್ ಆಫ್ ಗಾ’, 1952. ಗಾ ಅಂದರೆ ಟೇಟ್ ಅವರ ತಾಯಿ, ಅದು ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಚಿತ್ರದಲ್ಲಿ ‘ಆಗುವುದು’ ಬಹಳ ಕಡಿಮೆ. ವಯಸ್ಸಾದ ಹೆಂಗಸೊಬ್ಬರು ಓರ್ಕ್ನಿಯ ಬಯಲಿನಲ್ಲಿ ಓಡಾಡುತ್ತಾರೆ. ಸಿಗರೇಟು ಸೇದುತ್ತಾರೆ. ಒಂದು ಸಕ್ಕರೆ ಮಿಠಾಯಿಯ ಕಾಗದ ಬಿಚ್ಚುತ್ತಾರೆ. ಮಗಳ ದನಿ ಅಲ್ಲಲ್ಲಿ ಕೇಳಿಸುತ್ತದೆ.

ಇಲ್ಲಿ ನೋಡಬೇಕಾದದ್ದು ಮಿಠಾಯಿಯ ಜಾಗ. ಕಾಗದ ಮಿಠಾಯಿಗೆ ಅಂಟಿಕೊಂಡಿದೆ. ಬೆರಳುಗಳು ಅದನ್ನು ಅವಸರ ಇಲ್ಲದೆ ಬಿಡಿಸುತ್ತವೆ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಎರಡು ಸೆಕೆಂಡಿಗೆ ಕತ್ತರಿಸುತ್ತಿದ್ದರು. ಟೇಟ್ ಕ್ಯಾಮೆರಾವನ್ನು ಬೆರಳಿನ ಹತ್ತಿರ ತಂದು ಕಾಯುತ್ತಾರೆ. ಕಾಯುವಾಗ ನಮಗೆ ಏನೇನೋ ಗೊತ್ತಾಗುತ್ತದೆ: ಈಕೆಗೆ ಗಡಿಬಿಡಿ ಇಲ್ಲ, ಸಿಹಿ ಇಷ್ಟ, ಮಗಳು ಇಷ್ಟು ಹತ್ತಿರ ಕ್ಯಾಮೆರಾ ಹಿಡಿದರೂ ಮುಜುಗರ ಇಲ್ಲ. ಒಂದು ಮಾತೂ ಇಲ್ಲದೆ ತಾಯಿ ಮಗಳ ಸಂಬಂಧ ಕಾಣುತ್ತದೆ.

ನಮ್ಮಮ್ಮ ಊರಿಂದ ಬಂದಿದ್ದಾಗ ಅವರಿಗೂ ತೋರಿಸಿದೆ. ಇಂಗ್ಲಿಷ್ ಅವರಿಗೆ ಅಷ್ಟಾಗಿ ಬರುವುದಿಲ್ಲ. ಮುಗಿದ ಮೇಲೆ ಅವರು ಹೇಳಿದ್ದು: “ಮುಖ ಕಮ್ಮಿ ತೋರ್ಸಿ ಕೈ ಜಾಸ್ತಿ ತೋರ್ಸಿದಾಳಲ್ಲೇ. ಮಕ್ಕಳಿಗೆ ನೆನಪಿರೋದು ಕೈನೇ ಬಿಡು.” ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ಸರಿಯಾದ ಮಾತು ಸಿಕ್ಕಿಲ್ಲ.

ಹಾಗಾಗಿ ಮೂರನೇ ಸಲ ನೋಡುವಾಗ ಒಂದು ಕಾಗದ ಇಟ್ಟುಕೊಂಡು ಎರಡು ಸಾಲು ಮಾಡಿ. ಒಂದರಲ್ಲಿ ಮುಖದ ಶಾಟ್‌ಗಳು, ಇನ್ನೊಂದರಲ್ಲಿ ಉಳಿದ ಎಲ್ಲ: ಕೈ, ಕಾಲು, ಬೆನ್ನು, ದಾರಿ, ಆಕಾಶ. ಒಬ್ಬ ವ್ಯಕ್ತಿಯ ಚಿತ್ರ ಅಂದರೆ ಮುಖ ಅಂತ ನಾವು ಅಂದುಕೊಂಡಿರುತ್ತೇವೆ. ಬರೆದುಕೊಂಡ ಪಟ್ಟಿ ನೋಡಿ, ಆಮೇಲೆ ಮುಂದೆ ಹೋಗಿ.

ನಡುವೆ ಕವಿತೆ ಓದಿ, ಗಟ್ಟಿಯಾಗಿ

ಟೇಟ್ ಕವಿತೆಗಳನ್ನು ಬಿಟ್ಟು ಚಿತ್ರ ಮಾತ್ರ ನೋಡಿದರೆ ಅರ್ಧ ಕೈತಪ್ಪುತ್ತದೆ. 1959 ಮತ್ತು 60ರಲ್ಲಿ ಅವರು ಮೂರು ಕವನ ಸಂಕಲನಗಳನ್ನು ತಾವೇ ಅಚ್ಚು ಹಾಕಿಸಿದರು. ಜೊತೆಗೆ ಸಣ್ಣ ಕಥೆಗಳ ಒಂದು ಪುಸ್ತಕ, ಮಕ್ಕಳ ಕಥೆಗಳ ಒಂದು ಪುಸ್ತಕ. ಐದೂ ಎರಡೇ ವರ್ಷದಲ್ಲಿ. ಅವರ ಬರಹ ಒಂದೇ ಕಡೆ ಸೇರಿ, ಸುಲಭವಾಗಿ ಸಿಗುವ ಹಾಗೆ ಪುಸ್ತಕವಾಗಿ ಬಂದದ್ದು 2012ರಲ್ಲಿ. ಸಾರಾ ನೀಲಿ ಸಂಪಾದಿಸಿದ, ಕಾರ್ಕನೆಟ್ ಪ್ರಕಟಿಸಿದ ಆ ಪುಸ್ತಕವನ್ನೇ ಕೊಂಡುಕೊಳ್ಳಿ. ಆ ಹೊತ್ತಿಗೆ ಟೇಟ್ ತೀರಿಕೊಂಡು 13 ವರ್ಷ ಆಗಿತ್ತು. ನನಗೆ ಇದು ಈಗಲೂ ಬೇಸರ ತರಿಸುವ ಸಂಗತಿ. ಸಿನಿಮಾದವರು ಅವರನ್ನು ಕವಿ ಅಂದರು, ಕಾವ್ಯದವರು ಸಿನಿಮಾದವಳು ಅಂದರು. ದೂರದ ದ್ವೀಪದಲ್ಲಿ ಕೂತು ತನ್ನ ಹಣದಲ್ಲೇ ಕೆಲಸ ಮಾಡುವ ಹೆಂಗಸನ್ನು ಯಾವ ಪಟ್ಟಿಗೂ ಯಾರೂ ಸೇರಿಸಲಿಲ್ಲ.

ಓದುವುದಾದರೆ ‘ನೌ’ ಅನ್ನುವ ಕವಿತೆಯಿಂದ ಶುರು ಮಾಡಿ. ಹೂವು ಅರಳುವ ಗಳಿಗೆಯನ್ನು ಹಿಡಿಯಬೇಕು ಅಂತ ಕಾದು ಕೂತ ಮಾತು ಅದರಲ್ಲಿ ಬರುತ್ತದೆ. ಎಷ್ಟು ಕಾದರೂ ಆ ಗಳಿಗೆ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಕವಿತೆ ಇನ್ನೊಂದು ಕಡೆ ಹೊರಳುತ್ತದೆ: ಕಾವ್ಯವನ್ನು ಮಾಡುತ್ತಲೇ ಇರಬೇಕು, ಹಳೆಯದು ಹಳೆಯದಾದ ಮೇಲೆ ಕೆಲಸಕ್ಕೆ ಬರುವುದಿಲ್ಲ, ಈಗಲೇ ತೆಗೆದುಕೊಳ್ಳಿ, ಬೇಗ, ನೀರಿಲ್ಲದೆ. ಮಾತ್ರೆ ನುಂಗುವ ಹಾಗೆ! ಈ ಸಾಲು ಬರೆದವರು ಡಾಕ್ಟರ್ ಅನ್ನುವುದು ತಟ್ಟನೆ ನೆನಪಾಗುತ್ತದೆ. ಈ ಕವಿತೆಯನ್ನು ಗಟ್ಟಿಯಾಗಿ ಓದಿ. ಸಾಲುಗಳು ಚಿಕ್ಕವು. ಎಲ್ಲಿ ಮುರಿಯುತ್ತವೆ ಅಂತ ಗಮನಿಸಿ. ಅದೇ ಜಾಗದಲ್ಲಿ ಅವರು ಚಿತ್ರದಲ್ಲಿ ಶಾಟ್ ಕತ್ತರಿಸುತ್ತಾರೆ ಅಂತ ನನಗೆ ಅನ್ನಿಸುತ್ತದೆ: ಅರ್ಥ ಮುಗಿಯುವುದಕ್ಕೆ ಒಂದು ಕ್ಷಣ ಮೊದಲು.

ಎರಡನೆಯದು ‘ಟು ಎನಿಬಡಿ ಅಟ್ ಆಲ್’. ನೀನು ಅಚ್ಚುಕಟ್ಟಾಗಿ, ಮಿತಿಯಲ್ಲಿ, ಅರ್ಥವಾಗುವ ಹಾಗೆ ಇರುವುದು ನನಗೆ ಬೇಡವಾಗಿತ್ತು ಅಂತ ಒಬ್ಬರಿಗೆ ಹೇಳುವ ಕವಿತೆ. ಯಾರಿಗೆ ಅಂತ ಹುಡುಕಬೇಡಿ. ಇದನ್ನು ಓದಿ ‘ಗಾ’ ಚಿತ್ರವನ್ನು ಇನ್ನೊಂದು ಸಲ ನೋಡಿ. ತಾಯಿಯನ್ನು ಆ ಚಿತ್ರ ಒಂದು ಅರ್ಥಕ್ಕೆ ಕಟ್ಟಿಹಾಕದೆ ಬಿಟ್ಟಿದೆ ಅನ್ನುವುದು ಕಾಣುತ್ತದೆ.

ಕವಿಯ ಚಿತ್ರ, ಊರಿನ ಚಿತ್ರ

ಮುಂದೆ ‘ಹ್ಯೂ ಮ್ಯಾಕ್‌ಡಯರ್ಮಿಡ್: ಎ ಪೋರ್ಟ್ರೇಟ್’, 1964. ಒಂಬತ್ತು ನಿಮಿಷ, ಕಪ್ಪು ಬಿಳುಪು. ಸ್ಕಾಟ್ಲೆಂಡಿನ ಆ ಕಾಲದ ಬಹುದೊಡ್ಡ ಕವಿ, ಎಪ್ಪತ್ತು ದಾಟಿದ ಮನುಷ್ಯ. ಅಂಥವರನ್ನು ಟೇಟ್ ಗಂಭೀರವಾಗಿ ಕುರ್ಚಿಯಲ್ಲಿ ಕೂರಿಸಲಿಲ್ಲ. ರಸ್ತೆ ಬದಿಯ ಕಲ್ಲಿನ ಅಂಚಿನ ಮೇಲೆ ಹುಡುಗನ ಹಾಗೆ ತೂಕ ಹಿಡಿದು ನಡೆಸಿದರು. ಕವಿತೆಗಳನ್ನು ಓದುವ ದನಿ ಕವಿಯದೇ. ಇದನ್ನು ‘ಗಾ’ ಚಿತ್ರ ಆದ ಮೇಲೇ ನೋಡಿ. ತಾಯಿಗೆ ಕೊಟ್ಟ ಗಮನವನ್ನೇ ದೊಡ್ಡ ಕವಿಗೂ ಕೊಟ್ಟಿದ್ದಾರೆ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ.

ಅದೇ ವರ್ಷದ ‘ವೇರ್ ಐ ಆಮ್ ಈಸ್ ಹಿಯರ್’ ಸ್ವಲ್ಪ ಕಷ್ಟದ್ದು. ಅರ್ಧ ಗಂಟೆಗೂ ತುಸು ಹೆಚ್ಚು ಉದ್ದ, ಏಳು ಭಾಗ. ಎಡಿನ್‌ಬರೋ ನಗರ ಇದೆ, ಆದರೆ ನಗರದ ಪರಿಚಯ ಇಲ್ಲ. ಇಲ್ಲಿ ಬೇಸರ ಬಂದು ಬಿಡುವವರು ಜಾಸ್ತಿ. ಅದಕ್ಕೆ ಒಂದು ಉಪಾಯ ಹೇಳುತ್ತೇನೆ.

ಈ ಚಿತ್ರಕ್ಕೆ ಟೇಟ್ ಬರೆದುಕೊಂಡಿದ್ದ ಸ್ಕ್ರಿಪ್ಟ್ ಬರೀ ಆರು ಸಾಲು. ಒಂದೊಂದು ಬಗೆಯ ಘಟನೆ ಆಗುವುದು, ಮತ್ತೆ ಮತ್ತೆ ಆಗುವುದು, ಅಷ್ಟೇ ಅದರಲ್ಲಿತ್ತು. ಅಂದರೆ ಇಡೀ ಚಿತ್ರ ನಿಂತಿರುವುದು ಮರಳಿ ಬರುವುದರ ಮೇಲೆ. ಹಾಗಾಗಿ ಕಥೆ ಹುಡುಕುವುದನ್ನು ಬಿಟ್ಟು ‘ಇದನ್ನು ಆಗಲೇ ನೋಡಿದೆನಲ್ಲ’ ಅನ್ನಿಸಿದಾಗೆಲ್ಲ ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ಪಕ್ಕದಲ್ಲಿ ಒಂದೇ ಪದ ಬರೆಯಿರಿ: ಕಾರು, ಕಿಟಕಿ, ನೀರು, ಏನು ಕಂಡಿತೋ ಅದು. ಮುಗಿಯುವ ಹೊತ್ತಿಗೆ ನಿಮ್ಮ ಕಾಗದದಲ್ಲಿ ಕೆಲವು ಪದಗಳ ಎದುರು ಗೆರೆಗಳು ಗುಂಪಾಗಿರುತ್ತವೆ. ಅದೇ ಚಿತ್ರದ ಕಟ್ಟಡ. ನಮ್ಮ ಹಾಲ್‌ನಲ್ಲಿ ನಾಲ್ಕು ಜನ ಬರೆದ ನಾಲ್ಕು ಕಾಗದ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದಕ್ಕೊಂದು ಹೊಂದಲಿಲ್ಲ. ಅದರ ಬಗ್ಗೆ ನಡೆದ ಮಾತು ಚಿತ್ರಕ್ಕಿಂತ ಉದ್ದವಾಯಿತು.

ಸ್ಥಳದ ಚಿತ್ರಗಳು ಇಷ್ಟವಾದರೆ ಇದರ ಪಕ್ಕ 1955ರ ‘ಓರ್ಕಿಲ್ ಬರ್ನ್’ ಇಟ್ಟುಕೊಳ್ಳಿ. ಓರ್ಕ್ನಿಯ ಒಂದು ಹಳ್ಳವನ್ನು ಸಮುದ್ರ ಸೇರುವ ಕಡೆಯಿಂದ ಹಿಡಿದು ಹುಟ್ಟುವ ಜಾಗದ ತನಕ ಹಿಂದಕ್ಕೆ ಹಿಂಬಾಲಿಸುತ್ತಾರೆ. ಹಳ್ಳದ ದಂಡೆಯಲ್ಲೇ ಬೆಳೆದ ನಮ್ಮಂಥವರಿಗೆ ಇದಕ್ಕೆ ಬೇರೆ ವಿವರಣೆ ಬೇಡ.

ಬಣ್ಣ

ಟೇಟ್ ಕ್ಯಾಮೆರಾ ಇಲ್ಲದೆಯೂ ಚಿತ್ರ ಮಾಡಿದ್ದಾರೆ. 1955ರ ‘ಕಲಿಪ್ಸೊ’ದಲ್ಲಿ ಸಂಗೀತ ಆಗಲೇ ಇದ್ದ 35 ಎಂಎಂ ಫಿಲ್ಮಿನ ಮೇಲೆ ನೇರವಾಗಿ ಬಣ್ಣ ಹಚ್ಚಿದರು. ಆದರೆ ಇದರಲ್ಲಿ ನನಗೆ ಪ್ರಾಣವಾದದ್ದು ‘ಪೇಂಟೆಡ್ ಏಟ್‌ಸಮ್’, 1970. ಏಟ್‌ಸಮ್ ರೀಲ್ ಅಂದರೆ ಎಂಟು ಜನ ಸೇರಿ ಕುಣಿಯುವ ಸ್ಕಾಟಿಷ್ ನೃತ್ಯ. ಅದರ ಸಂಗೀತವನ್ನು ಓರ್ಕ್ನಿಯ ವಾದ್ಯದವರು ನುಡಿಸಿದ್ದು 1955–56ರ ಸುಮಾರಿಗೆ. ಆ ಧ್ವನಿಯನ್ನು 35 ಎಂಎಂ ಫಿಲ್ಮಿಗೆ ಹಾಕಿಸಿ, ಚಿತ್ರದ ಜಾಗವನ್ನು ಖಾಲಿ ಬಿಟ್ಟುಕೊಂಡು, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಕೈಯಿಂದ ಬಣ್ಣ ಹಚ್ಚಿದರು. ಚಿತ್ರ ಸುಮಾರು 6 ನಿಮಿಷ. ಫ್ರೇಮ್ ಅಂದರೆ ಫಿಲ್ಮಿನ ಒಂದೊಂದು ಬಿಡಿ ಚಿತ್ರ; ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 8,640 ಫ್ರೇಮ್ ಆಗುತ್ತದೆ. ಅಷ್ಟೂ ಒಬ್ಬರ ಕುಂಚದಿಂದ.

ನೋಡುವಾಗ ಎಂಟನ್ನು ಎಣಿಸಿ. ಕುಣಿಯುವ ಎಂಟು ಆಕೃತಿ, ಎಂಟು ಕೊಂಬು, ಕೆಲವೊಮ್ಮೆ ಬರೀ ಎಂಟು ಬಣ್ಣದ ಚುಕ್ಕೆ. ಅವು ನೃತ್ಯದ ಹೆಜ್ಜೆಯ ಪ್ರಕಾರವೇ ಜಾಗ ಬದಲಾಯಿಸುತ್ತವೆ. ಮಕ್ಕಳ ಜೊತೆ ನೋಡಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ನಮ್ಮಲ್ಲಿಗೆ ಬರುವ ಚಿಕ್ಕ ಮಕ್ಕಳು ಎದ್ದು ಕುಣಿಯುತ್ತಾರೆ. ನಾನು ಯಾರನ್ನೂ ಕೂರಿಸುವುದಿಲ್ಲ.

1974ರ ‘ಕಲರ್ ಪೋಯೆಮ್ಸ್’ ಒಂಬತ್ತು ಪುಟ್ಟ ಚಿತ್ರಗಳ ಮಾಲೆ, ಎಲ್ಲ ಸೇರಿ 12 ನಿಮಿಷ. ಇದನ್ನು ಒಂದೊಂದಾಗಿ ನಿಲ್ಲಿಸಿ ನೋಡಿ. ಪ್ರತಿಯೊಂದಕ್ಕೂ ನಿಮ್ಮದೇ ಒಂದು ಹೆಸರು ಕೊಡಿ, ಆಮೇಲೆ ಅವರು ಕೊಟ್ಟ ಹೆಸರಿನ ಪಕ್ಕ ಇಟ್ಟು ನೋಡಿ. ಅದೇ ವರ್ಷದ ‘ಏರಿಯಲ್’ ನಾಲ್ಕು ನಿಮಿಷ: ಗಾಳಿ, ನೀರು, ಹಿಮ, ಮಣ್ಣು, ಬೆಂಕಿ, ಹೊಗೆ. ಅದರ ಬಗ್ಗೆ ಹೆಚ್ಚು ಹೇಳಿದರೆ ಹಾಳಾಗುತ್ತದೆ.

ಮನೆ ಖಾಲಿ ಮಾಡುವ ಎರಡು ಚಿತ್ರ

ಈ ಎರಡನ್ನು ಒಂದೇ ಸಂಜೆ, ಇದೇ ಕ್ರಮದಲ್ಲಿ ನೋಡಿ. ಬೇರೆ ಬೇರೆ ದಿನ ನೋಡಬೇಡಿ. ನಡುವೆ ಊಟವೂ ಬೇಡ.

ಮೊದಲನೆಯದು ‘ಪ್ಲೇಸ್ ಆಫ್ ವರ್ಕ್’, 1976, ಬಣ್ಣದ್ದು, 31 ನಿಮಿಷ. ಕರ್ಕ್‌ವಾಲ್‌ನಲ್ಲಿ ಟೇಟ್ ಕುಟುಂಬದ ಹಳೆಯ ಮನೆ ಇತ್ತು. ಚಿಕ್ಕಂದಿನಿಂದ ಕಂಡ ಮನೆ, ಕೊನೆಯ ವರ್ಷಗಳಲ್ಲಿ ಅದೇ ಅವರ ಕೆಲಸದ ಜಾಗ. ಅದನ್ನು ಬಿಡಬೇಕಾಗಿ ಬಂತು. 1975ರ ಜೂನ್‌ನಿಂದ ನವೆಂಬರ್ ತನಕ ಆ ಮನೆ, ಆ ತೋಟದಲ್ಲಿ ಕಂಡದ್ದು, ಕೇಳಿದ್ದು ಈ ಚಿತ್ರ. ಹೂವು, ಕಿಟಕಿ, ಗೋಡೆ, ಹೊರಗಿನ ಸದ್ದು. ಎರಡನೆಯದು ‘ಟೇಲ್‌ಪೀಸ್’, ಕಪ್ಪು ಬಿಳುಪು, 10 ನಿಮಿಷ. ಮನೆ ಕೊನೆಗೂ ಖಾಲಿಯಾಗುವ ಹೊತ್ತು.

ಬಣ್ಣದಿಂದ ಕಪ್ಪು ಬಿಳುಪಿಗೆ ಬಂದಾಗ ಏನಾಗುತ್ತದೆ ಅನ್ನುವುದನ್ನು ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ತಿಳಿಯುತ್ತದೆ. ಮೊದಲ ಚಿತ್ರದಲ್ಲಿ ಕಂಡ ಮನೆಯ ಮೂಲೆ ಎರಡನೆಯದರಲ್ಲಿ ಗುರುತು ಸಿಗುತ್ತದೆ, ಆದರೆ ಅಲ್ಲಿದ್ದ ಸಾಮಾನು ಇಲ್ಲ. ಯಾರೂ ಅಳುವುದಿಲ್ಲ. ಯಾರೂ ‘ನಮ್ಮ ಮನೆ ಹೋಯಿತು’ ಅನ್ನುವುದಿಲ್ಲ. ಹಿಸ್ಸೆಯಾಗಿ, ಮಾರಾಟವಾಗಿ ಊರ ಮನೆ ಕೈಬಿಟ್ಟು ಹೋದದ್ದನ್ನು ಕಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಅಂಥವರ ಜೊತೆ ನೋಡುವುದಾದರೆ ಮುಗಿದ ತಕ್ಷಣ ದೀಪ ಹಾಕಬೇಡಿ. ಸ್ವಲ್ಪ ಹೊತ್ತು ಬಿಡಿ.

ನನ್ನ ಮಟ್ಟಿಗೆ ಟೇಟ್ ಅವರ ಅತಿ ದೊಡ್ಡ ಕೆಲಸ ಇದೇ. ಪೂರ್ಣ ಉದ್ದದ ಚಿತ್ರಕ್ಕಿಂತ ಇದನ್ನು ಮೇಲೆ ಇಡುತ್ತೇನೆ.

ಇದರ ಬೆನ್ನಿಗೆ 1981ರ ‘ಲ್ಯಾಂಡ್ ಮಾಕರ್’ ನೋಡಬಹುದು. ಮಾಕರ್ ಅಂದರೆ ಸ್ಕಾಟ್ಸ್ ಭಾಷೆಯಲ್ಲಿ ಕವಿ. ಓರ್ಕ್ನಿಯಲ್ಲಿ ಸಣ್ಣ ಹಿಡುವಳಿ ನೋಡಿಕೊಂಡಿದ್ದ ಒಬ್ಬ ಹೆಂಗಸು, ಅವರ ಗದ್ದೆ, ಕೆರೆ, ಕೋಳಿ, ಕೆಲಸ. ಭೂಮಿಯಲ್ಲಿ ದುಡಿಯುವವರನ್ನೂ ಕವಿ ಅಂತ ಕರೆಯುವ ಚಿತ್ರ. ಅವರ ಮಾತು ಓರ್ಕ್ನಿಯ ಆಡುಮಾತು. ಪೂರ್ತಿ ತಿಳಿಯದಿದ್ದರೆ ಚಿಂತೆ ಬೇಡ, ಇಂಗ್ಲಿಷ್ ಬಲ್ಲವರಿಗೂ ಕಷ್ಟವೇ.

ಈಗ ದೊಡ್ಡ ಚಿತ್ರ

ಇಷ್ಟಾದ ಮೇಲೆ ‘ಬ್ಲೂ ಬ್ಲ್ಯಾಕ್ ಪರ್ಮನೆಂಟ್’ ಹಾಕಿ. ಮೂರು ತಲೆಮಾರಿನ ಹೆಂಗಸರು, ಸಮುದ್ರ, ತಾಯಿಯ ಸಾವನ್ನು ಅರ್ಥ ಮಾಡಿಕೊಳ್ಳಲು ಒದ್ದಾಡುವ ಮಗಳು. ತಾಯಿ ಕವಿ, ಮಗಳು ಫೋಟೋಗ್ರಾಫರ್. ಸ್ಕಾಟ್ಲೆಂಡಿನ ಹೆಂಗಸೊಬ್ಬರು ನಿರ್ದೇಶಿಸಿದ ಮೊದಲ ಪೂರ್ಣ ಉದ್ದದ ಚಿತ್ರ ಅಂತ ಇದಕ್ಕೆ ಹೆಸರು. ಆಗ ಟೇಟ್ ಅವರಿಗೆ 70 ದಾಟಿತ್ತು. ಅಷ್ಟು ತಡವಾಗಿ ಅವರಿಗೆ ಈ ಅವಕಾಶ ಸಿಕ್ಕಿತು ಅನ್ನುವುದು ನೋಡುವಾಗ ನೆನಪಿರಲಿ. ಪಾತ್ರಗಳು ಮಾತಾಡುವ ದೃಶ್ಯಗಳು ಕೆಲವು ಕಡೆ ಬಿಗಿಯಾಗಿವೆ, ನಿಜ. ಆದರೆ ನೀರು, ಮೇಜಿನ ಮೇಲಿನ ವಸ್ತು, ಕಲ್ಲು ಬಂದಾಗ ನಿಮಗೆ ಈಗ ಪರಿಚಯವಿರುವ ಟೇಟ್ ಸಿಗುತ್ತಾರೆ. ಕಿರುಚಿತ್ರ ನೋಡದೆ ಬಂದವರಿಗೆ ಇವು ಬರೀ ಖಾಲಿ ಜಾಗ ಅನ್ನಿಸುತ್ತವೆ.

ಕೊನೆಯದು ‘ಗಾರ್ಡನ್ ಪೀಸಸ್’, 1998. ಮೂರು ಭಾಗ, 12 ನಿಮಿಷ. ಒಂದು ಭಾಗದಲ್ಲಿ ಹಳೆಯ ಕಲ್ಲುಗಣಿಯಲ್ಲಿ ನೆಟ್ಟು ಬೆಳೆಸಿದ ಮರಗಳಿವೆ. ಓರ್ಕ್ನಿಯಲ್ಲಿ ಗಾಳಿಯ ಹೊಡೆತಕ್ಕೆ ಮರ ನಿಲ್ಲುವುದೇ ಅಪರೂಪ. ಗಣಿಯ ಗುಂಡಿ ಮರಗಳಿಗೆ ಮರೆ ಕೊಟ್ಟಿದೆ. ಮರುವರ್ಷ ಏಪ್ರಿಲ್‌ನಲ್ಲಿ ಟೇಟ್ ತೀರಿಕೊಂಡರು.

ಎಲ್ಲಿ ಸಿಗುತ್ತವೆ

ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಚಲನಚಿತ್ರಗಳದ್ದೇ ಒಂದು ಸಂಗ್ರಹ ಇದೆ. ಟೇಟ್ ಅವರ ಚಿತ್ರಗಳು ಅಲ್ಲಿವೆ, ಕೆಲವನ್ನು ಅದರ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ಮೊದಲು ಅಲ್ಲಿ ಹುಡುಕಿ. ಲಂಡನ್ನಿನ ಲಕ್ಸ್ ಅನ್ನುವ ಸಂಸ್ಥೆ ಅವರ ಚಿತ್ರಗಳನ್ನು ಪ್ರದರ್ಶನಕ್ಕೆ ಕೊಡುತ್ತದೆ. ಅವರ ಸಾವಿನ ನಂತರ, 2004ರಲ್ಲಿ, ಎಡಿನ್‌ಬರೋ ಚಿತ್ರೋತ್ಸವದಲ್ಲಿ ಈ ಚಿತ್ರಗಳನ್ನು ಒಟ್ಟಿಗೆ ತೋರಿಸಿದ ಮೇಲೆ ಹೊರಗಿನ ಹೆಚ್ಚು ಜನರಿಗೆ ಅವು ಗೊತ್ತಾದವು. ಆಯ್ದ ಚಿತ್ರಗಳ ಡಿವಿಡಿಯನ್ನು ಲಕ್ಸ್ 2006ರಲ್ಲಿ ತಂದಿತು. ಹಳೆಯದಾದರೂ ಕೈಗೆ ಸಿಕ್ಕಿದರೆ ಬಿಡಬೇಡಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಫಿಲ್ಮ್ ಸೊಸೈಟಿ ನಡೆಸುವವರು ಸಾರ್ವಜನಿಕವಾಗಿ ತೋರಿಸುವುದಾದರೆ ದಯವಿಟ್ಟು ಲಕ್ಸ್‌ಗೆ ಬರೆದು ಅನುಮತಿ ತೆಗೆದುಕೊಳ್ಳಿ. ಬದುಕಿದ್ದಾಗ ಅವರ ಕೆಲಸಕ್ಕೆ ಹಣ ಕೊಟ್ಟವರು ಕಡಿಮೆ. ಈಗಲಾದರೂ ಕೊಡೋಣ.

ಸ್ನೇಹಿತರಿಗೆ ಒಂದೇ ಸಂಜೆ ತೋರಿಸುವುದಾದರೆ ನನ್ನ ಪಟ್ಟಿ ಇದು: ‘ಗಾ’, ಮ್ಯಾಕ್‌ಡಯರ್ಮಿಡ್, ‘ಏರಿಯಲ್’, ಒಂದು ಕವಿತೆಯ ಓದು, ‘ಕಲರ್ ಪೋಯೆಮ್ಸ್’, ಕೊನೆಗೆ ‘ಪೇಂಟೆಡ್ ಏಟ್‌ಸಮ್’. ಎಲ್ಲ ಸೇರಿ ಮುಕ್ಕಾಲು ಗಂಟೆಯ ಒಳಗೆ. ಪ್ರತಿಯೊಂದರ ನಡುವೆ ಒಂದೆರಡು ನಿಮಿಷ ಬಿಡಿ. ಮುಂಚೆ ಭಾಷಣ ಮಾಡಬೇಡಿ. ‘ಕಥೆ ಏನು?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಕೈ ನೋಡಿ’ ಅಂತ ಹೇಳಿ, ಸಾಕು.

ಓರ್ಕ್ನಿಗೆ ಹೋಗುವುದಾದರೆ

ಅಬರ್ಡೀನಿನಿಂದ ಕರ್ಕ್‌ವಾಲ್‌ಗೆ ಹಡಗು ಇದೆ, ಸುಮಾರು ಆರು ಗಂಟೆ. ಸ್ಕಾಟ್ಲೆಂಡಿನ ಉತ್ತರ ತುದಿಯ ಸ್ಕ್ರಾಬ್‌ಸ್ಟರ್‌ನಿಂದಾದರೆ ಒಂದೂವರೆ ಗಂಟೆ, ಇಳಿಯುವುದು ಸ್ಟ್ರಾಮ್‌ನೆಸ್‌ನಲ್ಲಿ. ಸಮುದ್ರ ಒರಟು. ವಾಂತಿಯ ಮಾತ್ರೆಯನ್ನು ಹತ್ತುವ ಮೊದಲೇ ತೆಗೆದುಕೊಳ್ಳಿ, ಹೊಟ್ಟೆ ತೊಳಸಲು ಶುರುವಾದ ಮೇಲೆ ಅಲ್ಲ. ಜೂನ್‌ನಲ್ಲಿ ಹೋದರೆ ರಾತ್ರಿ ಹತ್ತೂವರೆ ತನಕ ಬೆಳಕು. ಟೇಟ್ ಚಿತ್ರಗಳ ಆ ಓರೆ ಬಿಸಿಲು, ಉದ್ದುದ್ದ ನೆರಳು ಎಲ್ಲಿಂದ ಬಂತು ಅಂತ ಅಲ್ಲಿ ನಿಂತಾಗ ತಿಳಿಯುತ್ತದೆ. ಅವರ ಕಾಗದಪತ್ರಗಳು ಕರ್ಕ್‌ವಾಲ್‌ನ ಓರ್ಕ್ನಿ ಗ್ರಂಥಾಲಯದಲ್ಲಿವೆ. ನೋಡಬೇಕಿದ್ದರೆ ಹೊರಡುವ ಮೊದಲೇ ಬರೆದು ಕೇಳಿ.

ನೀವೂ ಒಂದು ತೆಗೆಯಿರಿ

ನೋಡಿದ್ದು ಮೈಗೆ ಹತ್ತಬೇಕಾದರೆ ಒಂದು ಚಿತ್ರ ತೆಗೆಯಬೇಕು. ಫೋನು ಸಾಕು. ಆದರೆ ಟೇಟ್ ಅವರಿಗಿದ್ದ ಮಿತಿಯನ್ನು ನೀವೇ ಹಾಕಿಕೊಳ್ಳಿ. 16 ಎಂಎಂ ಫಿಲ್ಮಿನ 100 ಅಡಿಯ ಸುರುಳಿ ಓಡುವುದು ಎರಡು ಮುಕ್ಕಾಲು ನಿಮಿಷ. ನಿಮಗೂ ಒಟ್ಟು ಅಷ್ಟೇ ಸಮಯ. ಒಂದು ಶಾಟ್ 28 ಸೆಕೆಂಡು ದಾಟಬಾರದು. ತೆಗೆದದ್ದನ್ನು ಅಳಿಸಿ ಮತ್ತೆ ತೆಗೆಯುವ ಹಾಗಿಲ್ಲ.

ಯಾರನ್ನು ತೆಗೆಯಬೇಕು? ಮನೆಯಲ್ಲಿ ನಿಮಗೆ ಅತಿ ಹತ್ತಿರ ಇರುವವರನ್ನು. ಅಮ್ಮ, ಅಜ್ಜಿ, ದೊಡ್ಡಮ್ಮ, ಯಾರಾದರೂ. ಅವರಿಗೆ ಹೇಳಿ, ಒಪ್ಪಿಗೆ ತೆಗೆದುಕೊಂಡು, ಅವರ ಪಾಡಿಗೆ ಕೆಲಸ ಮಾಡಲು ಬಿಡಿ. ‘ಇಲ್ಲಿ ನೋಡಮ್ಮ’ ಅನ್ನಬೇಡಿ. ಹೂ ಕಟ್ಟುವುದು, ಅಡಿಕೆ ಕತ್ತರಿಸುವುದು, ಕನ್ನಡಕ ಒರೆಸುವುದು, ಔಷಧಿ ಡಬ್ಬಿ ತೆಗೆಯುವುದು. ಹತ್ತು ಶಾಟ್ ಇದ್ದರೆ ಮುಖಕ್ಕೆ ಎರಡು, ಉಳಿದವು ಬೇರೆ. ಒಂದು ಶಾಟ್‌ನಲ್ಲಿ ಮನುಷ್ಯರೇ ಇರಬಾರದು: ಅವರು ದಿನಾ ಕೂರುವ ಜಾಗ, ಅವರು ನಡೆಯುವ ದಾರಿ.

ಫೋನಿನ ಧ್ವನಿ ಬಳಸಬೇಡಿ. ಬೇರೆ ದಿನ, ಕ್ಯಾಮೆರಾ ಇಲ್ಲದೆ, ಧ್ವನಿ ಮಾತ್ರ ಹಿಡಿಯಿರಿ. ಬೆಳಗಿನ ಹೊತ್ತು ಅಡಿಗೆಮನೆ, ಮಳೆ, ಅವರು ತಮ್ಮಷ್ಟಕ್ಕೆ ಗುನುಗುವುದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವ ಸದ್ದು ಯಾವ ಶಾಟ್‌ಗೆ ಅಂತ ಒಂದೊಂದಾಗಿ ಕೂರಿಸಿ. ಅಡಿಗೆಮನೆಯ ಸದ್ದನ್ನು ಅಡಿಗೆಮನೆಯ ಶಾಟ್‌ಗೇ ಇಡಬೇಕೆಂದಿಲ್ಲ. ಖಾಲಿ ದಾರಿಯ ಮೇಲೆ ಇಟ್ಟು ನೋಡಿ, ಕಿಟಕಿಯ ಮೇಲೆ ಇಟ್ಟು ನೋಡಿ. ಹಿನ್ನೆಲೆ ಸಂಗೀತ ಬೇಡವೇ ಬೇಡ.

ಮುಗಿದ ಮೇಲೆ ಮೊದಲು ಅವರಿಗೇ ತೋರಿಸಿ. ನೋಡುತ್ತಾ ಅವರು ಏನಾದರೂ ಹೇಳಿದರೆ ಅದನ್ನೂ ಹಿಡಿದಿಟ್ಟುಕೊಳ್ಳಿ. ಒಂದು ಮಾತು ಚಿತ್ರದೊಳಗೆ ಬರಬೇಕು ಅನ್ನಿಸಿದರೆ ಕೇಳಿ, ಒಪ್ಪಿದರೆ ಸೇರಿಸಿ.